ಗೋವಾ ಏರ್‌ಪೋರ್ಟಿನಿಂದ ಪಾಲೊಲೆಂ ಬೀಚಿಗೆ: ಟ್ಯಾಕ್ಸಿ, ಬಸ್ಸು, ರೈಲು, ಸ್ಕೂಟರ್ ಎಲ್ಲವನ್ನೂ ನೋಡಿದ ಮೇಲೆ

ಬೆಂಗಳೂರಿನಿಂದ ಗೋವಾಕ್ಕೆ ವಿಮಾನದಲ್ಲಿ ಒಂದು ಗಂಟೆ ಚಿಲ್ಲರೆ. ಇಳಿದ ಮೇಲೆ ಪಾಲೊಲೆಂ ಮುಟ್ಟುವುದಕ್ಕೆ ಕೆಲವೊಮ್ಮೆ ಅದರ ಎರಡರಷ್ಟು ಹೊತ್ತು ಹಿಡಿಯುತ್ತದೆ. ವಾರಗಟ್ಟಲೆ ರಜೆ ಇದ್ದವರಿಗೆ ಇದು ಲೆಕ್ಕಕ್ಕೇ ಬರಲ್ಲ. ಶನಿವಾರ ಹೋಗಿ ಸೋಮವಾರ ಆಫೀಸಿಗೆ ಹಾಜರಾಗಬೇಕಾದವರಿಗೆ ಮಾತ್ರ ಅರ್ಧ ದಿನ ರಸ್ತೆಯಲ್ಲೇ ಹೋದಂತೆ. ನಮ್ಮ ಮನೆಯಲ್ಲಿ ಎಲ್ಲರಿಗೂ ದಕ್ಷಿಣ ಗೋವಾ ಇಷ್ಟ. ಗಂಡನ ಜೊತೆ, ಅಮ್ಮನ ಜೊತೆ, ಗೆಳತಿಯರ ಜೊತೆ ಅಂತ ಈ ದಾರಿಯನ್ನು ಬೇರೆ ಬೇರೆ ಥರ ಹೋಗಿ ನೋಡಿದ್ದೇನೆ. ಯಾವುದು ಒಳ್ಳೆಯದು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಗಾಡಿಯ ಮಾತು ಎತ್ತುವುದಿಲ್ಲ. ಟಿಕೆಟ್ ಯಾವ ಏರ್‌ಪೋರ್ಟಿಗೆ, ಎಷ್ಟು ಗಂಟೆಗೆ ಇಳಿಯುತ್ತೀರಿ ಅಂತ ಕೇಳುತ್ತೇನೆ. ಮುಕ್ಕಾಲು ಪಾಲು ಅಲ್ಲೇ ತೀರ್ಮಾನ ಆಗಿಹೋಗುತ್ತದೆ.

ದಾಬೋಲಿಂ, ಮೋಪಾ

ಗೋವಾಕ್ಕೆ ಈಗ ಎರಡು ಏರ್‌ಪೋರ್ಟು. ವಾಸ್ಕೋ ಪಕ್ಕದ ದಾಬೋಲಿಂ ಹಳೆಯದು. ಟಿಕೆಟ್ಟಿನಲ್ಲಿ ಜಿಒಐ ಅಂತ ಇರುತ್ತದೆ. ಉತ್ತರದ ತುದಿಯಲ್ಲಿ, ಮಹಾರಾಷ್ಟ್ರದ ಗಡಿಗೆ ಹತ್ತಿರ ಇರುವ ಮೋಪಾ ಹೊಸದು. ಅದಕ್ಕೆ ಮನೋಹರ್ ಪರ್ರಿಕರ್ ಹೆಸರಿಟ್ಟಿದ್ದಾರೆ, ಗುರುತು ಜಿಒಎಕ್ಸ್. 2023ರ ಜನವರಿಯಲ್ಲಿ ಅಲ್ಲಿಂದ ವಿಮಾನಗಳು ಹಾರಲು ಶುರುವಾದವು.

ಪಾಲೊಲೆಂ ಇರುವುದು ಗೋವಾದ ದಕ್ಷಿಣ ತುದಿಯಲ್ಲಿ, ಕಾಣಕೋಣ ತಾಲ್ಲೂಕಿನಲ್ಲಿ. ಇನ್ನು ಸ್ವಲ್ಪ ಮುಂದೆ ಹೋದರೆ ನಮ್ಮ ಕಾರವಾರವೇ ಬಂತು. ದಾಬೋಲಿಂನಿಂದ ಅಲ್ಲಿಗೆ ಅರವತ್ತು ಚಿಲ್ಲರೆ ಕಿಲೋಮೀಟರ್. ಮೋಪಾದಿಂದ ಹತ್ತಿರ ಹತ್ತಿರ ನೂರು. ಮೋಪಾದಲ್ಲಿ ಇಳಿದರೆ ಇಡೀ ಗೋವಾವನ್ನು ಮೇಲಿನಿಂದ ಕೆಳಗೆ ದಾಟಬೇಕು: ಮಾಂಡೋವಿ ಸೇತುವೆ, ಪಣಜಿ, ಝುವಾರಿ ಸೇತುವೆ, ಮಡಗಾಂವ್, ಆಮೇಲೆ ಘಾಟ್. ಝುವಾರಿ ಮೇಲೆ ಹೊಸ ಕೇಬಲ್ ಸೇತುವೆ ಆದ ಮೇಲೆ ಆ ಭಾಗದ ಗೋಳು ತಪ್ಪಿದೆ, ನಿಜ. ಮೊದಲು ಅಲ್ಲಿ ಸಾಲು ಹಿಡಿದು ನಿಂತರೆ ಹೊಳೆ ನೋಡುತ್ತಾ ಕೂರುವುದೇ ಕೆಲಸ. ಆದರೂ ಮೋಪಾದಿಂದ ಎರಡೂವರೆ ಮೂರು ಗಂಟೆ ಬೇಕೇ ಬೇಕು.

ಟಿಕೆಟ್ ಹುಡುಕುವಾಗ ಬರೀ 'ಗೋವಾ' ಅಂತ ಹಾಕಿದರೆ ಎರಡೂ ಒಟ್ಟಿಗೆ ಬರುತ್ತವೆ. ಮೋಪಾದ್ದು ಐನೂರು ರೂಪಾಯಿ ಕಡಿಮೆ ಕಂಡರೆ ಕೈ ಅಲ್ಲಿಗೇ ಹೋಗುತ್ತದೆ. ದಕ್ಷಿಣಕ್ಕೆ ಹೋಗುವವರು ಆ ಐನೂರನ್ನು ಮರೆತುಬಿಡಿ. ಟ್ಯಾಕ್ಸಿಯಲ್ಲಿ ಅದರ ಎರಡರಷ್ಟು ಕೊಡಬೇಕಾಗುತ್ತದೆ. ಉತ್ತರದ ಅರಂಬೋಲ್, ಮೋರ್ಜಿಂ ಬೀಚುಗಳ ಕಡೆ ಹೋಗುವವರಾದರೆ ಇದೆಲ್ಲ ಉಲ್ಟಾ, ಅವರಿಗೆ ಮೋಪಾ ವರ.

ದಾಬೋಲಿಂಗೂ ಒಂದು ತೊಡಕಿದೆ. ಅದು ನೌಕಾಪಡೆಯ ನೆಲೆ. ವಾರದ ದಿನ ಬೆಳಗಿನ ಹೊತ್ತು ಅವರ ತರಬೇತಿ ನಡೆಯುವುದರಿಂದ ನಮಗೆ ಬೇಕಾದ ಸಮಯಕ್ಕೆ ವಿಮಾನ ಸಿಗುವುದು ಕಷ್ಟ. ಶುಕ್ರವಾರವೇ ಹೊರಡುವ ಯೋಚನೆ ಇದ್ದರೆ ಸಮಯ ನೋಡಿಕೊಂಡೇ ರಜೆ ಹಾಕಿ.

ಟ್ಯಾಕ್ಸಿ

ಓಲಾ, ಊಬರ್ ತೆಗೆದು ನೋಡಬೇಡಿ, ಗೋವಾದಲ್ಲಿ ಅವು ಓಡುವುದಿಲ್ಲ. ಇರುವುದು ಏರ್‌ಪೋರ್ಟ್ ಒಳಗಿನ ಪ್ರೀಪೇಯ್ಡ್ ಕೌಂಟರ್, ಇಲ್ಲವೇ ಗೋವಾದ್ದೇ ಆದ ಗೋವಾಮೈಲ್ಸ್ ಆ್ಯಪ್. ಕೌಂಟರಿನಲ್ಲಿ ಊರಿನ ಹೆಸರು ಹೇಳಿ ದುಡ್ಡು ಕಟ್ಟಿದರೆ ಚೀಟಿ ಕೊಡುತ್ತಾರೆ, ಅದರಲ್ಲಿ ಗಾಡಿ ನಂಬರ್ ಇರುತ್ತದೆ. ಚೌಕಾಸಿ ಇಲ್ಲ, ಜಗಳ ಇಲ್ಲ. ಬೆಂಗಳೂರಿನ ಆ್ಯಪ್ ದರಕ್ಕೆ ಒಗ್ಗಿದವರಿಗೆ ಮಾತ್ರ ಮೊತ್ತ ಕೇಳಿ ಮುಖ ಬಾಡುತ್ತದೆ. ಮೋಪಾದಿಂದ ಪಾಲೊಲೆಂಗೆ ಕೊಡುವ ದುಡ್ಡು ಕೆಲವು ಸಲ ವಿಮಾನದ ಟಿಕೆಟ್ಟಿಗೇ ಸರಿಸಮ. ವಾಪಸ್ ಬರುವಾಗ ಗಿರಾಕಿ ಸಿಗದೆ ಖಾಲಿ ಬರಬೇಕು ಅನ್ನುವುದು ಡ್ರೈವರುಗಳ ವಾದ. ಆ ಕಾಡುದಾರಿ ನೋಡಿದರೆ ಅದರಲ್ಲಿ ಸುಳ್ಳೇನೂ ಇಲ್ಲ.

ಹಾಗಿದ್ದರೂ ಅಮ್ಮನ ಜೊತೆ ಹೋದಾಗ ನಾನು ಬೇರೆ ಏನನ್ನೂ ಯೋಚಿಸುವುದಿಲ್ಲ. ಮಂಡಿನೋವಿನವರನ್ನು ಎರಡು ಬಸ್ಸು ಹತ್ತಿಸಿ ಇಳಿಸಿ ಉಳಿಸಿದ ದುಡ್ಡು ಯಾರಿಗೆ ಬೇಕು? ನಾಲ್ಕು ಜನ ಇದ್ದರಂತೂ ತಲೆಗೆ ಬೀಳುವುದೂ ಕಡಿಮೆ. ರಾತ್ರಿ ಎಂಟರ ಮೇಲೆ ಇಳಿದರೆ ಒಬ್ಬರೇ ಇದ್ದರೂ ಟ್ಯಾಕ್ಸಿಯೇ ಗತಿ. ಕುಂಕಳ್ಳಿ ದಾಟಿದ ಮೇಲೆ ಕರ್ಮಲ್ ಘಾಟ್ ಬರುತ್ತದೆ. ಎರಡೂ ಕಡೆ ಕಾಡು, ಒಂದಾದ ಮೇಲೊಂದು ತಿರುವು, ಎದುರಿಗೆ ಲಾರಿಗಳ ಸಾಲು. ದಾರಿ ಗೊತ್ತಿದ್ದವರು ಓಡಿಸಿದರೆ ಹಿಂದೆ ಕೂತವರಿಗೆ ನಿದ್ದೆ ಬರುತ್ತದೆ. ವಾಂತಿ ಬರುವವರು ಮಡಗಾಂವಿನಲ್ಲೇ ಮುಂದಿನ ಸೀಟಿಗೆ ಬನ್ನಿ.

ರೆಸಾರ್ಟಿನವರೇ ಗಾಡಿ ಕಳಿಸುತ್ತೇವೆ ಅನ್ನುತ್ತಾರೆ. ಒಂದು ಕಡೆ ಒಪ್ಪಿಕೊಂಡೆವು. ಹೆಸರು ಬರೆದ ಹಲಗೆ ಹಿಡಿದು ಡ್ರೈವರ್ ನಿಂತಿದ್ದ, ಅಲ್ಲಿಯವರೆಗೂ ಚಂದ. ಆಮೇಲೆ ಇನ್ನೊಂದು ವಿಮಾನದವರು ಬರಬೇಕು ಅಂತ ನಮ್ಮನ್ನು ಪಾರ್ಕಿಂಗಿನಲ್ಲಿ ಕಾಯಿಸಿದ. ಕೌಂಟರಿನ ದರಕ್ಕಿಂತ ಜಾಸ್ತಿ ಕೊಟ್ಟು ಹಂಚಿಕೊಂಡ ಸವಾರಿ! ಈಗ ರೆಸಾರ್ಟಿನ ಗಾಡಿ ಅಂದರೆ ಮೊದಲೇ ಮೆಸೇಜಿನಲ್ಲಿ ಕೇಳುತ್ತೇನೆ: ಗಾಡಿ ನಮಗೊಬ್ಬರಿಗೇನಾ, ಒಟ್ಟು ಎಷ್ಟು, ವಿಮಾನ ತಡವಾದರೆ ಕಾಯುವುದಕ್ಕೆ ಬೇರೆ ದುಡ್ಡಾ? ಉತ್ತರ ನೇರ ಬರದಿದ್ದರೆ ಕೌಂಟರೇ ವಾಸಿ.

ಬಸ್ಸು

ಹಗಲು ಹೊತ್ತು, ಬೆನ್ನಿಗೊಂದು ಬ್ಯಾಗ್, ದಾಬೋಲಿಂ. ಈ ಮೂರೂ ಕೂಡಿಬಂದರೆ ನನ್ನ ಓಟು ಬಸ್ಸಿಗೆ.

ಗೋವಾದ ಸರ್ಕಾರಿ ಸಾರಿಗೆ ಅಂದರೆ ಕದಂಬ. ಬನವಾಸಿಯ ಕದಂಬರ ನೆನಪಾದರೆ ತಪ್ಪೇನಿಲ್ಲ, ಗೋವಾ ಆಳಿದ ಕದಂಬರೂ ಅದೇ ಬಳಗ. ಎರಡೂ ಏರ್‌ಪೋರ್ಟಿನಿಂದ ಮಡಗಾಂವ್, ಪಣಜಿ ಕಡೆಗೆ ಅವರ ಬಸ್ಸುಗಳಿವೆ. ಮೋಪಾದ್ದು ಎಸಿ ಇರುವ ಎಲೆಕ್ಟ್ರಿಕ್ ಬಸ್ಸು, ಆರಾಮಾಗಿದೆ. ದಾಬೋಲಿಂನಲ್ಲಿ ಕದಂಬ ಬಸ್ಸಿಗೆ ಹೊತ್ತಾಗುತ್ತದೆ ಅಂದರೆ ಮುಖ್ಯ ರಸ್ತೆಗೆ ಬಂದು ನಿಲ್ಲಿ. ವಾಸ್ಕೋ–ಮಡಗಾಂವ್ ಖಾಸಗಿ ಬಸ್ಸುಗಳು ಒಂದರ ಹಿಂದೆ ಒಂದು ಬರುತ್ತವೆ. ಸಣ್ಣ ಬಸ್ಸು, ತಲೆ ಬಗ್ಗಿಸಿಕೊಂಡು ಹತ್ತಬೇಕು. ದೊಡ್ಡ ಸೂಟ್‌ಕೇಸಿಗೆ ಜಾಗವೇ ಇಲ್ಲ. ಒಮ್ಮೆ ನನ್ನ ಬ್ಯಾಗು ಡ್ರೈವರ್ ಪಕ್ಕದ ಎಂಜಿನ್ ಡಬ್ಬದ ಮೇಲೆ ಕೂತಿತು, ಅದರ ಮೇಲೆ ಯಾರದೋ ಮೀನಿನ ಚೀಲ. ಬಾಗಿಲಲ್ಲಿ ನೇತಾಡುತ್ತಿದ್ದ ಹುಡುಗ ಕೊಂಕಣಿಯಲ್ಲಿ ಊರುಗಳ ಹೆಸರು ಕೂಗುತ್ತಿದ್ದ. ನಾನು ಫೋನಿನಲ್ಲಿ ಅಮ್ಮನ ಹತ್ತಿರ ಮಾತಾಡಿದ್ದು ಕೇಳಿ ತಿರುಗಿದ.

"ಕರ್ನಾಟಕದವರೇನ್ರಿ ಅಕ್ಕಾರ? ನಮ್ದು ಬಾಗಲಕೋಟಿ. ಕಾಣಕೋಣಕ್ಕ ಹೋಗೋರಿದ್ರ ಕದಂಬ ಸ್ಟ್ಯಾಂಡಿಗೇ ಇಳೀರಿ, ಪ್ಯಾಟಿಯಾಗ ಇಳೀಬ್ಯಾಡ್ರಿ."

ಆ ಸಲಹೆ ನಿಮಗೂ ಇರಲಿ. ಮಡಗಾಂವ್ ಪೇಟೆ ಬೇರೆ, ಕದಂಬ ಬಸ್ ಸ್ಟ್ಯಾಂಡ್ ಬೇರೆ, ರೈಲ್ವೆ ಸ್ಟೇಷನ್ ಮತ್ತೊಂದು ಕಡೆ. ಸ್ಟ್ಯಾಂಡಿನಲ್ಲಿ ಕಾಣಕೋಣದ ಬಸ್ಸು ಸಿಗುತ್ತದೆ, ಕಾರವಾರದ ಕಡೆ ಹೋಗುವ ಬಸ್ಸೂ ನಡೆಯುತ್ತದೆ. ನಮ್ಮ ವಾಯವ್ಯ ಸಾರಿಗೆಯ ಕೆಂಪು ಬಸ್ಸು ಕಂಡರೆ ಸುಮ್ನೆ ಹತ್ತಿ ಕೂರಬೇಡಿ. ಕಾಣಕೋಣದ ಪೇಟೆಯಾದ ಚಾವಡಿಯಲ್ಲಿ ನಿಲ್ಲಿಸುತ್ತಾರಾ ಅಂತ ಕಂಡಕ್ಟರನ್ನು ಕೇಳಿ, ಯಾಕೆಂದರೆ ಊರಿಗೆ ಬೈಪಾಸ್ ಆಗಿದೆ. ಚಾವಡಿಯಿಂದ ಬೀಚು ಎರಡು ಮೂರು ಕಿಲೋಮೀಟರ್ ಅಷ್ಟೇ. ಆಟೋ ಇದೆ. ಹಗುರ ಬ್ಯಾಗಾದರೆ ಹಳದಿ ಮಡ್‌ಗಾರ್ಡಿನ ಬೈಕಿನವರೂ ಕರೆದುಕೊಂಡು ಹೋಗುತ್ತಾರೆ.

ಎಲ್ಲ ಸೇರಿ ದಾಬೋಲಿಂನಿಂದ ಮೂರು ಗಂಟೆ ಇಟ್ಟುಕೊಳ್ಳಿ. ಟ್ಯಾಕ್ಸಿಗಿಂತ ಒಂದು ಗಂಟೆ, ಒಂದೂವರೆ ಗಂಟೆ ಜಾಸ್ತಿ. ದುಡ್ಡು ಹೋಲಿಸುವ ಹಾಗೇ ಇಲ್ಲ, ಬಸ್ಸಿನದು ಚಿಲ್ಲರೆ ಕಾಸು. ಸಂಜೆ ಏಳರ ಮೇಲೆ ಬಸ್ಸು ಕಡಿಮೆಯಾಗುತ್ತಾ ಹೋಗುತ್ತದೆ, ಹಾಗಾಗಿ ನಾಲ್ಕು ಗಂಟೆಯೊಳಗೆ ಇಳಿಯುವವರಿಗೆ ಮಾತ್ರ ಈ ಮಾತು. ಮೋಪಾದಿಂದ ಬಸ್ಸಿನಲ್ಲಿ ಪಾಲೊಲೆಂವರೆಗೆ ಹೋಗುವುದು ನನ್ನ ಪ್ರಕಾರ ಎರಡು ದಿನದ ರಜೆಗೆ ಹೊಂದುವ ಕೆಲಸ ಅಲ್ಲ.

ರೈಲು

ಕಾಗದದ ಮೇಲೆ ರೈಲಿನಷ್ಟು ಚಂದ ಯಾವುದೂ ಇಲ್ಲ. ಕೊಂಕಣ ರೈಲ್ವೆಯ ಕಾಣಕೋಣ ಸ್ಟೇಷನ್ ಬೀಚಿಗೆ ಹತ್ತಿರ. ಮಡಗಾಂವಿನಿಂದ ಒಂದು ಗಂಟೆಯೊಳಗೆ ತಲುಪಿಸುತ್ತದೆ, ಘಾಟಿನ ತಿರುವಿನ ಬದಲು ಸುರಂಗ. ತೊಂದರೆ ಎರಡು. ಏರ್‌ಪೋರ್ಟಿನಿಂದ ಮಡಗಾಂವ್ ಸ್ಟೇಷನ್ನಿಗೆ ಹೇಗೂ ಟ್ಯಾಕ್ಸಿಯೋ ಬಸ್ಸೋ ಬೇಕು. ಎರಡನೆಯದು, ಮಡಗಾಂವ್ ಮುಟ್ಟಿದ ರೈಲೆಲ್ಲ ಕಾಣಕೋಣದಲ್ಲಿ ನಿಲ್ಲುವುದಿಲ್ಲ. ನಿಲ್ಲುವ ರೈಲು ಹೋದ ಮೇಲೆ ಇನ್ನೊಂದಕ್ಕೆ ಗಂಟೆಗಟ್ಟಲೆ ಕಾಯಬೇಕು. ವಿಮಾನ ಅರ್ಧ ಗಂಟೆ ತಡ ಆದರೂ ಸಾಕು, ಲೆಕ್ಕ ತಪ್ಪಿತು. ಮಳೆಗಾಲದಲ್ಲಿ ಇಲ್ಲಿ ವೇಳಾಪಟ್ಟಿಯೇ ಬೇರೆ, ರೈಲುಗಳು ನಿಧಾನಕ್ಕೆ ಓಡುತ್ತವೆ. ಸಮಯ ಹೊಂದಿದರೆ ಹೋಗಿ, ರೈಲಿಗೋಸ್ಕರ ವಿಮಾನ ಬದಲಾಯಿಸಬೇಡಿ.

ಬಾಡಿಗೆ ಸ್ಕೂಟರ್, ಕಾರು

ಏರ್‌ಪೋರ್ಟಿನಲ್ಲೇ ಸ್ಕೂಟರ್ ತೆಗೆದುಕೊಂಡು ಹೊರಡುವುದು ಗೆಳತಿಯ ಆಸೆ. ವೆರ್ಣಾವರೆಗೆ ಹಾಡು ಹೇಳಿಕೊಂಡು ಹೋದೆವು. ಮಡಗಾಂವ್ ದಾಟಿದ ಮೇಲೆ ಹಾಡು ನಿಂತಿತು. ಕಾಲಿನ ಹತ್ತಿರ ಒಂದು ಬ್ಯಾಗು, ಬೆನ್ನಿಗೊಂದು, ಘಾಟಿನಲ್ಲಿ ಹಿಂದಿನಿಂದ ಲಾರಿ ಹಾರ್ನು. ತಲುಪಿದ ಮೇಲೆ ಇಬ್ಬರೂ ಸಮುದ್ರದ ಕಡೆ ತಲೆ ಹಾಕಲಿಲ್ಲ, ಮಲಗಿದೆವು. ಸ್ಕೂಟರ್ ಬೇಕೇ ಬೇಕು, ಆದರೆ ಪಾಲೊಲೆಂ ತಲುಪಿದ ಮೇಲೆ. ಅಗೊಂದ, ಪಾಟ್ನೆಂ, ಗಾಲ್ಜಿಬಾಗ್ ಬೀಚುಗಳನ್ನು ಸುತ್ತುವುದಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರುವ ಗಾಡಿಯನ್ನೇ ತೆಗೆದುಕೊಳ್ಳಿ, ಬಾಡಿಗೆಗೆ ಕೊಡಲು ಪರವಾನಗಿ ಇರುವುದು ಅದಕ್ಕೇ. ಬಿಳಿ ಪ್ಲೇಟಿನದು ಅಗ್ಗಕ್ಕೆ ಸಿಗುತ್ತದೆ, ಪೊಲೀಸರು ಹಿಡಿದರೆ ಅಗ್ಗ ಅಲ್ಲ. ತೆಗೆದುಕೊಳ್ಳುವ ಮುಂಚೆ ಗೀರುಗಳ ಫೋಟೊ ಮಾಲೀಕರ ಎದುರಿಗೇ ಹೊಡೆಯಿರಿ.

ಬಾಡಿಗೆ ಕಾರಿನ ವಿಷಯ ಬೇರೆ. ಮೋಪಾದಲ್ಲೇ ಇಳಿಯಬೇಕಾಗಿ ಬಂದು, ಮೂರು ನಾಲ್ಕು ಜನ ಇದ್ದು, ಒಬ್ಬರಿಗಾದರೂ ಘಾಟಿನಲ್ಲಿ ಓಡಿಸಿ ಅಭ್ಯಾಸ ಇದ್ದರೆ ಟ್ಯಾಕ್ಸಿಗಿಂತ ಅದೇ ಲಾಭ. ಹೋಗಿ ಬರುವ ಎರಡು ಟ್ಯಾಕ್ಸಿ ದುಡ್ಡಿನಲ್ಲಿ ಇಡೀ ರಜೆಗೂ ಕಾರು ಕೈಯಲ್ಲಿರುತ್ತದೆ. ಬುಕ್ ಮಾಡುವ ಮುಂಚೆ ರೂಮಿನವರ ಹತ್ತಿರ ಪಾರ್ಕಿಂಗ್ ಕೇಳಿ. ಬೀಚಿಗೆ ಅಂಟಿಕೊಂಡ ಗುಡಿಸಲುಗಳಿಗೆ ಕಾರು ಹೋಗುವ ದಾರಿಯೇ ಇರುವುದಿಲ್ಲ.

ವಾಪಸ್ ಬರುವಾಗ ಲೆಕ್ಕ ಪೂರ್ತಿ ಬದಲು. ಹೋಗುವಾಗ ಒಂದು ಬಸ್ಸು ತಪ್ಪಿದರೆ ಸಮುದ್ರ ಎಲ್ಲೂ ಓಡಿಹೋಗುವುದಿಲ್ಲ, ಬರುವಾಗ ವಿಮಾನ ಕಾಯುವುದಿಲ್ಲ ಅಲ್ವಾ? ಹೋಗುವಾಗ ಬಸ್ಸಿನಲ್ಲಿ ಹೋದರೂ ಬರುವುದಕ್ಕೆ ನಾನು ಟ್ಯಾಕ್ಸಿಯನ್ನೇ ಹೇಳುತ್ತೇನೆ, ಅದೂ ಹಿಂದಿನ ದಿನವೇ. ಪಾಲೊಲೆಂ ಬೀಚಿನ ರಸ್ತೆಯಲ್ಲೇ ಟ್ಯಾಕ್ಸಿಯವರು ನಿಂತಿರುತ್ತಾರೆ, ಎರಡು ಮೂರು ಜನರನ್ನು ಕೇಳಿದರೆ ದರ ತಿಳಿಯುತ್ತದೆ. ಬರೀ 'ಏರ್‌ಪೋರ್ಟ್' ಅನ್ನಬೇಡಿ, ದಾಬೋಲಿಂ ಅಥವಾ ಮೋಪಾ ಅಂತ ಬಿಡಿಸಿ ಹೇಳಿ. ಭಾನುವಾರ ಸಂಜೆಯ ವಿಮಾನವಾದರೆ ಅವರು ಹೇಳಿದ ಹೊತ್ತಿಗಿಂತ ಒಂದು ಗಂಟೆ ಮೊದಲೇ ಹೊರಡಿ. ಅವತ್ತು ಕಾರವಾರ, ಬೆಳಗಾವಿ, ಹುಬ್ಬಳ್ಳಿಯಿಂದ ಬಂದವರೆಲ್ಲ ಮನೆಗೆ ಹೊರಟಿರುತ್ತಾರೆ.