ಅಪ್ಪನ ಕರಿ ಸೈಕಲ್ಲು, ನನ್ನ ಗೇರ್ ಸೈಕಲ್ಲು: ಮಲ್ಪೆ–ಮಣಿಪಾಲ ದಾರಿಯಲ್ಲಿ ಒಂದು ಮಳೆಗಾಲದ ರಿಪೇರಿ

ಕಳೆದ ಮಳೆಗಾಲ ಪೂರ್ತಿ ಎರಡು ಸೈಕಲ್ಲುಗಳನ್ನು ಸರದಿಯಲ್ಲಿ ಓಡಿಸಿದೆ. ಒಂದು ವಾರ ಅಪ್ಪನ ಕರಿ ಸೈಕಲ್ಲು, ಇನ್ನೊಂದು ವಾರ ನನ್ನ ಗೇರ್ ಸೈಕಲ್ಲು. ದಾರಿ ಮಾತ್ರ ಒಂದೇ. ಮಲ್ಪೆಯಿಂದ ಹೊರಟು ಆದಿಉಡುಪಿ, ಕರಾವಳಿ ಜಂಕ್ಷನ್, ಬನ್ನಂಜೆ, ಕಲ್ಸಂಕ, ಕಡಿಯಾಳಿ, ಇಂದ್ರಾಳಿ, ಮತ್ತೆ ಏರು ಹತ್ತಿ ಮಣಿಪಾಲ. ಅಪ್ಪನದಕ್ಕೆ 28 ಇಂಚಿನ ಚಕ್ರ, ಸರಳಿನ ಬ್ರೇಕು, ಚೈನಿಗೆ ಪೂರ್ತಿ ಮುಚ್ಚಿದ ಕವರು. ನನ್ನದಕ್ಕೆ 21 ಗೇರು, ಕೇಬಲ್ ಎಳೆಯುವ ಡಿಸ್ಕ್ ಬ್ರೇಕು. ಕೆಟ್ಟದ್ದನ್ನೆಲ್ಲ ಮೊದಲು ನಾನೇ ಬಿಚ್ಚಿ ನೋಡುವುದು, ಕೈಲಾಗದಿದ್ದರೆ ಮಾತ್ರ ಅಂಗಡಿಗೆ ಒಯ್ಯುವುದು ಅಂತ ನಿಶ್ಚಯ ಮಾಡಿಕೊಂಡಿದ್ದೆ. ಹಳೇದೇ ಗಟ್ಟಿ ಅನ್ನುವವರು ನಮ್ಮ ಮನೆಯಲ್ಲೇ ಇದ್ದಾರೆ. ಯಾವ ರಿಪೇರಿಯಲ್ಲಿ ಹಳೇದು ಗಟ್ಟಿ, ಯಾವುದರಲ್ಲಿ ಅಲ್ಲ ಅನ್ನುವುದು ನನಗೆ ಕೈ ಮಸಿ ಮಾಡಿಕೊಂಡ ಮೇಲೆ ಗೊತ್ತಾಯಿತು.

ಪಂಕ್ಚರಿನಿಂದ ಶುರುಮಾಡುತ್ತೇನೆ, ಯಾಕೆಂದರೆ ಜೂನ್ ಮೊದಲ ವಾರದಲ್ಲೇ ಬಂತು. ಹಳೇ ಸೈಕಲ್ಲಿನ ಹಿಂದಿನ ಚಕ್ರ ಕಳಚುವುದೆಂದರೆ ಚೈನ್‌ಕವರು, ಸ್ಟ್ಯಾಂಡು, ಕ್ಯಾರಿಯರಿನ ಕಾಲು, ಮಡ್‌ಗಾರ್ಡಿನ ಕಡ್ಡಿ ಎಲ್ಲವನ್ನೂ ಬಿಚ್ಚಬೇಕು. ಹಾಗಾಗಿ ಚಕ್ರ ಇದ್ದಲ್ಲೇ ಬಿಟ್ಟು ಟೈರಿನ ಒಂದು ಅಂಚನ್ನು ಮಾತ್ರ ಎಬ್ಬಿಸಿ ಟ್ಯೂಬನ್ನು ಹೊರಗೆಳೆಯುವುದೇ ಸರಿ. ಊರಿನ ಪಂಕ್ಚರ್ ಅಂಗಡಿಯವರೂ ಮಾಡುವುದು ಹಾಗೆಯೇ. ಟ್ಯೂಬ್ ಬಿಚ್ಚುವ ಮೊದಲು ಇನ್ನೊಂದನ್ನು ನೋಡಬೇಕು. ರಾತ್ರಿ ಗಾಳಿ ತುಂಬಿಟ್ಟ ಚಕ್ರ ಬೆಳಿಗ್ಗೆ ಮೆತ್ತಗಾಗಿದ್ದರೆ ವಾಲ್ವಿನ ಬಾಯಿಗೆ ಒಂದು ಹನಿ ಎಂಜಲು ಹಚ್ಚಿ. ಗುಳ್ಳೆ ಎದ್ದರೆ ಟ್ಯೂಬಿಗೆ ಏನೂ ಆಗಿಲ್ಲ, ವಾಲ್ವಿನ ಒಳಗಿನ ಸಣ್ಣ ರಬ್ಬರ್ ನಳಿಗೆ ಸೀಳಿದೆ ಅಷ್ಟೆ. ಹೊಸ ತುಂಡನ್ನು ನೀರಲ್ಲಿ ಅದ್ದಿ ಏರಿಸಿದರೆ ಎರಡೇ ನಿಮಿಷದ ಕೆಲಸ. ಆ ಮಳೆಗಾಲದಲ್ಲಿ ಅಪ್ಪನ ಸೈಕಲ್ಲಿನ ಗಾಳಿ ನಾಲ್ಕು ಸಲ ಇಳಿಯಿತು, ಮೂರು ಸಲ ಕಾರಣ ಈ ರಬ್ಬರೇ.

ನನ್ನ ಸೈಕಲ್ಲಿನ ಚಕ್ರ ಒಂದು ಲಿವರ್ ತಿರುಗಿಸಿದರೆ ಕೈಗೆ ಬರುತ್ತದೆ. ವಾಲ್ವು ಮೋಟರ್ ಬೈಕಿನಂಥದ್ದೇ ಆದ್ದರಿಂದ ಪೆಟ್ರೋಲ್ ಬಂಕಿನಲ್ಲೂ ಗಾಳಿ ಸಿಗುತ್ತದೆ. ಆದರೆ ಅಂಗಡಿ ಎದುರು ಇಡುವ ಹಳೇ ಕಾಲಿನ ಪಂಪು ಅದಕ್ಕೆ ಕೂರುವುದಿಲ್ಲ. ತೇಪೆಯಲ್ಲಿ ಎರಡು ಬಗೆ ಹಾಕಿ ನೋಡಿದೆ: ಅಂಟು ಮೊದಲೇ ಇರುವ ಸ್ಟಿಕ್ಕರಿನದ್ದು, ಸೊಲ್ಯೂಷನ್ ಹಚ್ಚುವುದು. ಸ್ಟಿಕ್ಕರು ಮನೆಯ ಜಗಲಿಯಲ್ಲಿ ಹಾಕಿದ್ದು ನಿಂತಿತು, ಬನ್ನಂಜೆಯಲ್ಲಿ ಬಸ್ ಸ್ಟಾಪಿನ ಮಾಡಿನಡಿ ಹಾಕಿದ್ದು ಕಲ್ಸಂಕ ಮುಟ್ಟುವ ಮೊದಲೇ ಎದ್ದಿತು. ಸೊಲ್ಯೂಷನ್ನಿಗೆ ಟ್ಯೂಬನ್ನು ಉಜ್ಜಿ, ಹಚ್ಚಿ, ಐದು ನಿಮಿಷ ಒಣಗಲು ಬಿಡಬೇಕು. ತುಳುವರ ಆಟಿ ತಿಂಗಳ ಮಳೆಯಲ್ಲಿ ರಸ್ತೆ ಬದಿ ಆ ಐದು ನಿಮಿಷ ಒಣಗಿಸುವುದು ಎಲ್ಲಿ? ಈಗ ಚೀಲದಲ್ಲಿ ಒಂದು ಹೊಸ ಟ್ಯೂಬ್ ಇಟ್ಟುಕೊಳ್ಳುತ್ತೇನೆ, ತೇಪೆ ಏನಿದ್ದರೂ ಮನೆಗೆ ಬಂದ ಮೇಲೆ. ಯಾವ ಸೈಕಲ್ಲಾದರೂ ಸರಿ, ಟ್ಯೂಬ್ ಒಳಗಿಡುವ ಮುಂಚೆ ಟೈರಿನ ಒಳಮೈಯಲ್ಲಿ ಬೆರಳಾಡಿಸಿ. ಲಾರಿ ಟೈರಿನಿಂದ ಉದುರಿದ ಕೂದಲೆಳೆಯಂಥ ತಂತಿ ಅಲ್ಲೇ ಕೂತಿದ್ದರೆ ಹೊಸ ಟ್ಯೂಬಿಗೂ ಅದೇ ಗತಿ.

ಬ್ರೇಕಿನ ವಿಚಾರದಲ್ಲಿ ನನಗೆ ಅನುಮಾನವೇ ಉಳಿದಿಲ್ಲ. ಸರಳಿನ ಬ್ರೇಕಿನಲ್ಲಿ ರಬ್ಬರ್ ಕಟ್ಟೆ ಮೇಲಕ್ಕೆ ಬಂದು ರಿಮ್ಮಿನ ಒಳಮೈಯನ್ನು ಒತ್ತುತ್ತದೆ. ಆ ರಿಮ್ಮು ನುಣುಪಾದ ಕ್ರೋಮಿನದು. ಮೇಲೆ ನೀರಿನ ಪರೆ ಇದ್ದರೆ ಹಿಡಿದ ಬ್ರೇಕು ಹಿಡಿದ ಹಾಗೇ ಇರುತ್ತದೆ, ಸೈಕಲ್ಲು ಮಾತ್ರ ಹೋಗುತ್ತಲೇ ಇರುತ್ತದೆ. ಗಟ್ಟಿಯಾದ ಕಟ್ಟೆಗಳನ್ನು ಮರಳುಕಾಗದದಲ್ಲಿ ಉಜ್ಜಿದೆ, ಹೊಸ ಕಟ್ಟೆ ಹಾಕಿದೆ, ಸವೆದ ಕೀಲುಗಳಿಗೆ ವಾಷರ್ ಕೊಟ್ಟೆ, ಸರಳಿನ ನಟ್ಟು ಬಿಗಿದು ಅಂತರ ಕಡಿಮೆ ಮಾಡಿದೆ. ಒಣ ರಸ್ತೆಯಲ್ಲಿ ಎಲ್ಲ ಚೆನ್ನಾಗಿತ್ತು. ಜುಲೈಯಲ್ಲಿ ಮಣಿಪಾಲದಿಂದ ಇಂದ್ರಾಳಿಗೆ ಇಳಿಯುವಾಗ ಎದುರಿನ ಬಸ್ಸು ಗಕ್ಕನೆ ನಿಂತಿತು. ನಾನು ಎರಡೂ ಕಾಲನ್ನು ನೆಲಕ್ಕೆ ಉಜ್ಜಿ ನಿಂತೆ, ಬಸ್ಸಿಗೂ ನನಗೂ ಒಂದು ಮೊಳ ಉಳಿದಿತ್ತು. ಆಮೇಲೆ ಮಳೆ ದಿನ ಅಪ್ಪನ ಸೈಕಲ್ಲನ್ನು ಕಡಿಯಾಳಿಯಿಂದ ಮೇಲೆ ಒಯ್ಯಲೇ ಇಲ್ಲ. ಮಲ್ಪೆಯ ಸಪಾಟು ದಾರಿಗೆ ಅದು ಸಾಕು, ಇಳಿಜಾರಿಗೆ ಯಾರಿಗೂ ಹೇಳಲಾರೆ.

ಡಿಸ್ಕ್ ಬ್ರೇಕು ಮಳೆಯಲ್ಲೂ ಹಿಡಿಯುತ್ತದೆ. ಅದರ ರಿಪೇರಿಯೂ ಜನ ಹೆದರುವಷ್ಟು ಕಷ್ಟದ್ದಲ್ಲ. ಪ್ಯಾಡು ಡಿಸ್ಕಿಗೆ ತಾಗಿ ಚರ್ ಚರ್ ಅಂದರೆ, ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರಿನ ಎರಡು ಬೋಲ್ಟು ಸಡಿಲಿಸಿ, ಬ್ರೇಕ್ ಹಿಡಿದುಕೊಂಡೇ ಮತ್ತೆ ಬಿಗಿಯಬೇಕು. ಹೆಚ್ಚಿನ ಸಲ ಅಷ್ಟಕ್ಕೇ ಸರಿಯಾಗುತ್ತದೆ. ಲಿವರ್ ತುಂಬ ಒಳಗೆ ಬರತೊಡಗಿದರೆ ಕೇಬಲ್ಲಿನ ತುದಿಯ ಸಣ್ಣ ತಿರುಪು ಒಂದೆರಡು ಸುತ್ತು ಹೊರಕ್ಕೆ. ಆದರೆ ಇದಕ್ಕೆ ಎಣ್ಣೆಯೇ ಶತ್ರು. ಒಮ್ಮೆ ಚೈನಿಗೆ ಸ್ಪ್ರೇ ಹೊಡೆಯುವಾಗ ಹಿಂದಿನ ಡಿಸ್ಕಿಗೂ ಹಾರಿತು. ಸ್ಪಿರಿಟ್ ಹಾಕಿ ಡಿಸ್ಕ್ ಒರೆಸಿದೆ, ಪ್ಯಾಡು ಉಜ್ಜಿದೆ, ಕಿರುಚುವುದು ನಿಲ್ಲಲಿಲ್ಲ. ಕೊನೆಗೆ ಪ್ಯಾಡೇ ಬದಲಾಯಿಸಬೇಕಾಯಿತು. ಅಂದಿನಿಂದ ಚೈನಿಗೆ ಹನಿ ಹನಿಯಾಗಿ ಬಿಡುವ ಎಣ್ಣೆ ಮಾತ್ರ.

ಚೈನೇ ಈ ಊರಿನ ದೊಡ್ಡ ಕತೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ರಜೆ. ಆ ಎರಡು ತಿಂಗಳು ಸುರಿಯುವುದೆಲ್ಲ ಸಿಹಿನೀರು. ಆಗಸ್ಟಿನಲ್ಲಿ ಬೋಟುಗಳು ಕಡಲಿಗಿಳಿದ ಮೇಲೆ ಮೀನಿನ ಲಾರಿಗಳಿಂದ ಸೋರುವ ಉಪ್ಪುನೀರು ಮಲ್ಪೆಯಿಂದ ಕರಾವಳಿ ಜಂಕ್ಷನ್‌ವರೆಗೆ ರಸ್ತೆ ಮೇಲೆ. ಜುಲೈಯ ಜಡಿಮಳೆಯಲ್ಲಿ ಎರಡು ದಿನ ತಡೆದ ಚೈನು ಆಗಸ್ಟಿನಲ್ಲಿ ಒಂದೇ ರಾತ್ರಿಯಲ್ಲಿ ಕೆಂಪಾಗುತ್ತಿತ್ತು. ಅಪ್ಪನ ಸೈಕಲ್ಲಿನ ಚೈನು ಕವರಿನೊಳಗೆ ಆರಾಮಾಗಿತ್ತು. ತಿಂಗಳಿಗೊಮ್ಮೆ ಎಣ್ಣೆ ಬಿಟ್ಟಿದ್ದಷ್ಟೇ. ನನ್ನದು ಬಯಲಲ್ಲಿ ತಿರುಗುವುದು, ಮೇಲಾಗಿ ಗೇರಿಗೆ ಬಾಗಲು ಬೇಕಾದಷ್ಟು ಸಪೂರ.

ಎಣ್ಣೆಯಲ್ಲಿ ನಾಲ್ಕು ಬಗೆ ಹಾಕಿ ನೋಡಿದೆ. ತೆಂಗಿನೆಣ್ಣೆ ಕೆಲವೇ ದಿನದಲ್ಲಿ ಅಂಟಂಟಾಗಿ ಹೊಯ್ಗೆ ಹಿಡಿಯಿತು. ಹೊಲಿಗೆ ಯಂತ್ರದ ಎಣ್ಣೆ ಒಳಗೆ ಚೆನ್ನಾಗಿ ಇಳಿಯುತ್ತದೆ, ಒಂದು ಮಳೆಗೆ ತೊಳೆದೂ ಹೋಗುತ್ತದೆ. ಗ್ಯಾರೇಜಿನ ಹಳೇ ಇಂಜಿನ್ ಆಯಿಲು ನಿಂತಿತು, ಆದರೆ ಕಪ್ಪು ಗಸಿ ಮರಳಿನ ಜೊತೆ ಸೇರಿ ಅರೆಯುವ ಕಲ್ಲಿನ ಹಾಗಾಯಿತು. ಮಳೆಗಾಲಕ್ಕೆಂದೇ ಮಾರುವ ದಪ್ಪ ಚೈನ್ ಎಣ್ಣೆಯನ್ನು ಪ್ರತಿ ಉರುಳೆಗೆ ಒಂದು ಹನಿ ಬಿಟ್ಟು, ಪೆಡಲ್ ತಿರುಗಿಸಿ, ಹೊರಗಿನದನ್ನೆಲ್ಲ ಬಟ್ಟೆಯಲ್ಲಿ ಒರೆಸಿದಾಗಲೇ ವಾರ ತಡೆಯಿತು. ಎಣ್ಣೆ ಬೇಕಾದದ್ದು ಪಿನ್ನಿನ ಒಳಗೆ, ಹೊರಮೈಯಲ್ಲಿ ಉಳಿದದ್ದು ಧೂಳಿಗೆ ಆಹ್ವಾನ. ಉಪ್ಪುನೀರಿನ ಮೇಲೆ ಹೋಗಿ ಬಂದ ದಿನ ಮೊದಲು ಸಿಹಿನೀರಲ್ಲಿ ತೊಳೆದು ಒರೆಸುವುದು ಎಣ್ಣೆಗಿಂತಲೂ ಮುಖ್ಯ ಅಂತ ನನಗನಿಸಿದೆ.

ಸವೆದಿದೆಯೇ ಎಂದು ನೋಡಲು ಮಕ್ಕಳ ಕಂಪಾಸಿನ ಸ್ಕೇಲಿಗಿಂತ ಉದ್ದದ್ದು, 12 ಇಂಚಿನದ್ದು ಬೇಕು. ಒಂದು ಪಿನ್ನಿನ ನಡುವಿಗೆ ಸೊನ್ನೆ ಹಿಡಿದರೆ ಅದರಿಂದಾಚೆಯ 24ನೇ ಪಿನ್ನು ಸರಿಯಾಗಿ 12 ಇಂಚಿಗೆ ಬರಬೇಕು. ಇಂಚಿನ ಹದಿನಾರನೇ ಒಂದರಷ್ಟು ಆಚೆ ಹೋಗಿದ್ದರೆ ಗೇರ್ ಸೈಕಲ್ಲಿನ ಚೈನ್ ಬದಲಿಸುವ ಹೊತ್ತು. ತಡಮಾಡಿದರೆ ಹಿಂದಿನ ಹಲ್ಲುಗಳೂ ಸವೆಯುತ್ತವೆ, ಆಮೇಲೆ ಹೊಸ ಚೈನು ಹಳೇ ಹಲ್ಲಿನ ಮೇಲೆ ಜಾರುತ್ತದೆ. ನನ್ನದು ಅಕ್ಟೋಬರಿನಲ್ಲಿ ಆ ಗೆರೆ ದಾಟಿತ್ತು, ಅಪ್ಪನದು ಅರ್ಧವೂ ಹೋಗಿರಲಿಲ್ಲ. ಹಳೇ ಸೈಕಲ್ಲಿನ ಚೈನಿಗೆ ಜೋಡಣೆಯ ಕ್ಲಿಪ್ಪು ಹಾಕುವಾಗ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರಲಿ, ತಿರುಗಿಸಿ ಹಾಕಿದರೆ ಏನಾದರೂ ತಾಗಿ ಕಳಚಿಕೊಳ್ಳಬಹುದು.

ಗೇರಿನ ಬಗ್ಗೆ ಹೆಚ್ಚು ಹೇಳಲಾರೆ, ಹಳೇದಕ್ಕೆ ಅದು ಇಲ್ಲವೇ ಇಲ್ಲ. ಆದರೂ ಒಂದು ಮಾತು. ಗೇರು ಕೂರದಿದ್ದರೆ, ಚೈನನ್ನು ಹಲ್ಲಿನಿಂದ ಹಲ್ಲಿಗೆ ಸರಿಸುವ ಡಿರೇಲರಿನ ಎಚ್, ಎಲ್ ಎಂಬ ಎರಡು ತಿರುಪಿಗೆ ತಕ್ಷಣ ಕೈ ಹಾಕಬೇಡಿ. ಚೈನು ಎರಡು ಕೊನೆಗಳನ್ನು ದಾಟಿ ಬೀಳದಂತೆ ತಡೆಯುವುದಷ್ಟೇ ಅವುಗಳ ಕೆಲಸ. ನನ್ನ ಮೂರು ತಕರಾರಿನಲ್ಲಿ ಎರಡಕ್ಕೆ ಕಾರಣ ಹೊರಕವಚದೊಳಗೆ ತುಕ್ಕು ಹಿಡಿದ ಕೇಬಲ್ಲು, ಹೊಸತು ಹಾಕಿದ ಕೂಡಲೇ ಸರಿಯಾಯಿತು. ಮೂರನೆಯದು ಸಿಟಿ ಬಸ್‌ಸ್ಟ್ಯಾಂಡಿನಲ್ಲಿ ಸೈಕಲ್ಲು ಬಲಕ್ಕೆ ಬಿದ್ದು ಡಿರೇಲರು ನೇತಾಡುವ ಕೊಂಡಿ ಒಳಕ್ಕೆ ಬಾಗಿದ್ದು. ಅದನ್ನು ಅಂಗಡಿಗೇ ಕೊಟ್ಟೆ. ನೇರ ಮಾಡಲು ಬೇಕಾದ ಉದ್ದ ಹಿಡಿಯ ಸಾಧನ ನನ್ನಲ್ಲಿಲ್ಲ.

ಇನ್ನುಳಿದದ್ದು ಪೆಡಲ್ ತುಳಿದಾಗಲೆಲ್ಲ ಬರುವ ಟಕ್ ಟಕ್. ಎರಡಕ್ಕೂ ಬಂತು. ಅಪ್ಪನದರಲ್ಲಿ ಕಾರಣ ಕಾಟರ್ ಪಿನ್ನು, ಅಂದರೆ ಪೆಡಲಿನ ತೋಳನ್ನು (ಕ್ರ್ಯಾಂಕ್) ನಡುವಿನ ಅಚ್ಚಿಗೆ ಬಿಗಿಯುವ ಬೆಣೆ. ನಟ್ಟನ್ನು ತುದಿಯವರೆಗೆ ಸಡಿಲಿಸಿ, ಕ್ರ್ಯಾಂಕಿನ ಕೆಳಗೆ ಕಬ್ಬಿಣದ ಪೈಪನ್ನು ಆನಿಸಿಯೇ ಸುತ್ತಿಗೆ ಬೀಸಬೇಕು, ಇಲ್ಲದಿದ್ದರೆ ಪೆಟ್ಟೆಲ್ಲ ಒಳಗಿನ ಗುಂಡುಗಳಿಗೆ. ಹೊಸ ಪಿನ್ನಿನ ಚಪ್ಪಟೆ ಬದಿಯನ್ನು ಅರದಲ್ಲಿ ಸ್ವಲ್ಪ ಸ್ವಲ್ಪವೇ ಉಜ್ಜಿ, ಕೂರಿಸಿ ನೋಡಿ, ಮತ್ತೆ ಉಜ್ಜಿ, ಒಂದು ಭಾನುವಾರದ ಬೆಳಗು ಪೂರ್ತಿ ಹೋಯಿತು. ಬಲದ ಪಿನ್ನಿಗೆ ಎಡದ್ದು ತಿರುವುಮುರುವಾಗಿ ಹೋಗದಿದ್ದರೆ ಎರಡು ಪೆಡಲು ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ, ಅದನ್ನೂ ಅಂದೇ ಕಲಿತೆ.

ನನ್ನದರಲ್ಲಿ ಕ್ರ್ಯಾಂಕ್ ಎಳೆಯುವ ಸಾಧನ ಇದ್ದರೆ ಬಿಚ್ಚುವುದು ಹತ್ತು ನಿಮಿಷ. ಆದರೆ ಬಿಚ್ಚಿದ ಮೇಲೆ ಕೈಗೆ ಬಂದದ್ದು ಅಚ್ಚು, ಬೇರಿಂಗು ಎಲ್ಲ ಒಳಗೇ ಇರುವ ಮುಚ್ಚಿದ ಕಾರ್ಟ್ರಿಜ್ಜು. ತಿರುಗಿಸಿದರೆ ಒಳಗೆ ಮರಳು ಕರಕರ ಅನ್ನುತ್ತಿತ್ತು, ತೆರೆಯಲು ದಾರಿಯಿಲ್ಲ, ಇಡಿಯಾಗಿ ಬಿಸಾಡಿ ಹೊಸತು ಹಾಕಬೇಕು. ಹಾಕಿದೆ, ಶಬ್ದ ಹೋಯಿತು. ಅದೇ ಮಧ್ಯಾಹ್ನ ಅಪ್ಪನದರ ಗುಂಡುಗಳನ್ನೂ ತೆಗೆದು ಸ್ಟೀಲ್ ಬಟ್ಟಲಿನ ಸೀಮೆಎಣ್ಣೆಗೆ ಹಾಕಿದೆ. ಬದಿಗೆ 11ರಂತೆ 22 ಗುಂಡು, ಕಾಲು ಇಂಚಿನವು. ಮೂರರ ಮೇಲೆ ಮಾತ್ರ ಕಲೆ ಬಿದ್ದಿತ್ತು. ಸವೆದದ್ದರ ನಡುವೆ ಹೊಸದು ಬೆರೆಸಿದರೆ ಭಾರ ಸಮ ಹಂಚುವುದಿಲ್ಲ ಎಂದು 22ನ್ನೂ ಹೊಸದಾಗಿ ತಂದೆ, ಬಟ್ಟಲಿನಂಥ ಕಪ್ಪಿಗೆ ಕೀಲೆಣ್ಣೆ ಮೆತ್ತಿ ಒಂದೊಂದಾಗಿ ಕೂರಿಸಿದೆ. ಅಪ್ಪ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಎಣಿಸುತ್ತಿದ್ದರು.