ಆಫ್ ಮಾಡಿಟ್ಟ ಟಾರ್ಚ್ ಎಷ್ಟು ಕರೆಂಟ್ ಎಳೆಯುತ್ತದೆ? ಮೂರು ಬಗೆಯ ಸ್ವಿಚ್‌ಗಳ ಹೋಲಿಕೆ

ಮಲೆನಾಡಿನ ನಮ್ಮ ಮನೆಯಲ್ಲಿ ಮಳೆಗಾಲ ಪೂರ್ತಿ ಟಾರ್ಚ್ ಕೈಯಲ್ಲೇ ಇರುತ್ತದೆ. ಮಳೆ ಬಿಟ್ಟಿತೆಂದರೆ ತಿಂಗಳುಗಟ್ಟಲೆ ಕಪಾಟು ಸೇರುತ್ತದೆ. ಹಾಗಾಗಿ ಎಷ್ಟು ಲುಮೆನ್ ಬೆಳಕು ಎಂಬುದಕ್ಕಿಂತ, ಇಟ್ಟಲ್ಲೇ ಇಟ್ಟಾಗ ಸೆಲ್ ಎಷ್ಟು ಉಳಿಯುತ್ತದೆ ಎಂಬುದು ನನಗೆ ಮುಖ್ಯ. ಮೂರು ಟಾರ್ಚ್‌ಗಳಿಗೆ ಒಂದೇ ಬಗೆಯ 18650 ಎಂಬ, ಚಾರ್ಜ್ ಮಾಡಬಹುದಾದ ಲಿಥಿಯಂ ಸೆಲ್ (3000 ಎಂಎಎಚ್, ಅಂದರೆ 3000 ಮಿಲಿಆಂಪ್ ಕರೆಂಟನ್ನು ಒಂದು ಗಂಟೆ ಕೊಡುವಷ್ಟು) ಹಾಕಿ ಅಳೆದು ನೋಡಿದೆ. ಒಂದರ ಹಿಂಬದಿಯಲ್ಲಿ ಟಕ್ಕೆನ್ನುವ ಹಳೇ ನಮೂನೆಯ ಸ್ವಿಚ್. ಎರಡನೆಯದರ ಮಗ್ಗುಲಲ್ಲಿ ಮೆತ್ತನೆಯ ಎಲೆಕ್ಟ್ರಾನಿಕ್ ಬಟನ್. ಮೂರನೆಯದೂ ಅಂಥದ್ದೇ, ಆದರೆ ಕತ್ತಲಲ್ಲಿ ಕಾಣಲೆಂದು ಅದರ ಬಟನ್‌ನೊಳಗೆ ಸದಾ ಉರಿಯುವ ಪುಟ್ಟ ಹಸಿರು ದೀಪವಿದೆ.

ಹಳೇ ಸ್ವಿಚ್‌ನಲ್ಲಿ ಲೋಹಕ್ಕೆ ಲೋಹ ತಾಗಿದರೆ ಬೆಳಕು, ಬಿಟ್ಟರೆ ಸರ್ಕ್ಯೂಟೇ ಇಲ್ಲ. ಎಲೆಕ್ಟ್ರಾನಿಕ್ ಬಟನ್ ಒಳಗಿನ ಚಿಪ್‌ಗೆ ಸುದ್ದಿ ಮುಟ್ಟಿಸುತ್ತದೆ ಅಷ್ಟೆ. ಎಲ್‌ಇಡಿಗೆ ಕರೆಂಟ್ ಬಿಡುವುದು, ನಿಲ್ಲಿಸುವುದು ಚಿಪ್‌ನ ಕೆಲಸ. ಬಟನ್ ಯಾವ ಗಳಿಗೆಯಲ್ಲಿ ಒತ್ತುತ್ತಾರೋ ಎಂದು ಕಾದಿರಬೇಕಾದ್ದರಿಂದ ಚಿಪ್ ಪೂರ್ತಿ ನಿದ್ದೆ ಹೋಗುವಂತಿಲ್ಲ.

ಎಲೆಕ್ಟ್ರಾನಿಕ್ ಬಟನ್ ಇರುವವನ್ನು ಅಳೆಯುವ ಕ್ರಮ ಸುಲಭ, ಆದರೆ ಅವಸರ ಸಲ್ಲದು. ಹಿಂಬದಿ ಮುಚ್ಚಳ ಬಿಚ್ಚಿ, ಸೆಲ್‌ನ ಮೈನಸ್ ತುದಿಗೂ ಟಾರ್ಚ್ ಕೊಳವೆಯ ಅಂಚಿಗೂ ಮೊದಲು ಒಂದು ತಂತಿ ಹಿಡಿಯಬೇಕು. ಚಿಪ್ ಎಚ್ಚೆತ್ತು, ಕೆಲವದರಲ್ಲಿ ದೀಪ ಒಮ್ಮೆ ಮಿನುಗಿ, ಮತ್ತೆ ಸುಮ್ಮನಾಗುತ್ತದೆ. ಆಮೇಲೆ ಅದೇ ಎರಡು ಜಾಗಕ್ಕೆ ಮಲ್ಟಿಮೀಟರ್‌ನ ಕಡ್ಡಿ ತಾಗಿಸಿ ತಂತಿಯನ್ನು ತೆಗೆದರೆ ನಿಜವಾದ ಅಂಕಿ ಸಿಗುತ್ತದೆ. ನೇರವಾಗಿ ಮೈಕ್ರೋಆಂಪ್ ರೇಂಜ್‌ನಲ್ಲಿ ಶುರುಮಾಡಿದರೆ ಮೀಟರ್‌ನ ತಡೆಗೆ ವೋಲ್ಟೇಜ್ ಬಿದ್ದು ಚಿಪ್ ಸರಿಯಾಗಿ ಏಳದೇ ಇರಬಹುದು. ಅಳೆಯುತ್ತಿರುವಾಗ ಬಟನ್ ಒತ್ತಲೇಬಾರದು, ಮೀಟರ್‌ನ ಫ್ಯೂಸ್ ಹೋಗಬಹುದು.

ಹಳೇ ಸ್ವಿಚ್‌ನದು ಸೊನ್ನೆ. ಎರಡನೆಯದು ಸುಮಾರು 20 ಮೈಕ್ರೋಆಂಪ್. ಆ ಲೆಕ್ಕದಲ್ಲಿ 3000 ಎಂಎಎಚ್ ಖಾಲಿಯಾಗಲು 1,50,000 ಗಂಟೆ, ಅಂದರೆ 17 ವರ್ಷ ಬೇಕು. ಹಸಿರು ದೀಪದ ಟಾರ್ಚ್ 0.6 ಮಿಲಿಆಂಪ್, ಅಂದರೆ 600 ಮೈಕ್ರೋಆಂಪ್ ಎಳೆಯುತ್ತಿತ್ತು. ಅದಕ್ಕೆ 5,000 ಗಂಟೆ ಸಾಕು, ಏಳೇ ತಿಂಗಳು. ದೀಪಾವಳಿಗೆ ಚಾರ್ಜ್ ಮಾಡಿ ಎತ್ತಿಟ್ಟರೆ ಮುಂಗಾರಿನ ಹೊತ್ತಿಗೆ ಏನೂ ಉಳಿಯದು. ಲಿಥಿಯಂ-ಅಯಾನ್ ಸೆಲ್ 2.5 ವೋಲ್ಟ್‌ಗಿಂತ ತೀರಾ ಕೆಳಗಿಳಿದು ಹಾಗೇ ಬಿದ್ದಿದ್ದರೆ ಒಳಗಿನ ತಾಮ್ರದ ಹಾಳೆ ಕರಗತೊಡಗಬಹುದು. ಅಂಥ ಸೆಲ್‌ಗೆ ಮತ್ತೆ ಚಾರ್ಜ್ ಕೊಡುವುದು ಅಪಾಯ.

ಇಲ್ಲಿ ಇನ್ನೊಂದು ಲೆಕ್ಕ ಸೇರಿಸಲೇಬೇಕು. ಸೆಲ್ ಯಾವ ಟಾರ್ಚ್‌ಗೂ ಹಾಕದೆ ಇದ್ದರೂ ತಾನಾಗಿ ಇಳಿಯುತ್ತದೆ. ತಿಂಗಳಿಗೆ ಶೇ 1 ಎಂದು ಹಿಡಿದರೂ 30 ಎಂಎಎಚ್ ಆಯಿತು. ಅದನ್ನು ತಿಂಗಳ 730 ಗಂಟೆಗೆ ಹಂಚಿದರೆ ಸುಮಾರು 41 ಮೈಕ್ರೋಆಂಪ್. ಅಂದರೆ ಎರಡನೇ ಟಾರ್ಚ್‌ನ ಚಿಪ್ ಎಳೆಯುವುದು ಸೆಲ್ ತಾನೇ ಕಳೆದುಕೊಳ್ಳುವುದರ ಅರ್ಧದಷ್ಟು ಮಾತ್ರ! ಎಲೆಕ್ಟ್ರಾನಿಕ್ ಸ್ವಿಚ್ ಎಂದಾಕ್ಷಣ ಬೇಡ ಅನ್ನುವವರಿಗೆ ನಾನು ಈ ಅಂಕಿಯನ್ನೇ ತೋರಿಸುತ್ತೇನೆ. ಸೆಲ್ ತಿನ್ನುವುದು ಬಟನ್ ಅಲ್ಲ, ಬಟನ್‌ನೊಳಗಿನ ದೀಪ.

ಲಾಕ್ ಮಾಡಿಟ್ಟರೆ ಉಳಿಯುತ್ತದೆ ಎಂಬ ನಂಬಿಕೆಯನ್ನೂ ಪರೀಕ್ಷಿಸಿದೆ. ಬಟನ್ ಒತ್ತಿ ಮಾಡುವ ಲಾಕ್‌ನಿಂದ ಎರಡನೇ ಟಾರ್ಚ್‌ನ ಅಂಕಿ ಕದಲಲಿಲ್ಲ. ಆ ಲಾಕ್ ಇರುವುದು ಬ್ಯಾಗ್‌ನೊಳಗೆ ಒತ್ತಿಹೋಗಿ ಉರಿಯದಿರಲಿ ಎಂದು, ಚಿಪ್‌ಗೆ ಮಾತ್ರ ಬಿಡುವಿಲ್ಲ. ಹಿಂಬದಿ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿದರೆ ಆಗ ಸೊನ್ನೆ. ಇದು ನಡೆಯುವುದು ಥ್ರೆಡ್‌ಗೆ ಆನೊಡೈಸ್ ಮಾಡಿದ್ದರೆ (ಅಲ್ಯೂಮಿನಿಯಂ ಮೇಲೆ ಗಟ್ಟಿ ಆಕ್ಸೈಡ್ ಪದರ ಬರಿಸಿದ್ದರೆ) ಮಾತ್ರ, ಏಕೆಂದರೆ ಆ ಪದರದಲ್ಲಿ ವಿದ್ಯುತ್ ಹರಿಯುವುದಿಲ್ಲ. ಕೊಳವೆಯ ಬರಿಯ ಅಂಚು ಮುಚ್ಚಳಕ್ಕೆ ಒತ್ತಿಕೊಂಡಾಗಷ್ಟೇ ಸರ್ಕ್ಯೂಟ್ ಕೂಡುತ್ತದೆ. ನನ್ನ ಹಸಿರು ದೀಪದ ಟಾರ್ಚ್‌ನ ಥ್ರೆಡ್ ಬೆಳ್ಳಗೆ ಹೊಳೆಯುವ ಬರೀ ಅಲ್ಯೂಮಿನಿಯಂ. ಮುಚ್ಚಳ ಎರಡು ಸುತ್ತು ಸಡಿಲಿಸಿದರೂ ದೀಪ ಉರಿಯುತ್ತಲೇ ಇತ್ತು. ಅಂಥದ್ದಕ್ಕೆ ಸೆಲ್ ಮತ್ತು ಸ್ಪ್ರಿಂಗ್ ನಡುವೆ ದುಂಡಗೆ ಕತ್ತರಿಸಿದ ಪ್ಲಾಸ್ಟಿಕ್ ಇಡಬೇಕು, ಇಲ್ಲವೇ ಸೆಲ್ಲನ್ನೇ ಹೊರಗಿಡಬೇಕು. ಬಿಚ್ಚಲಾಗದಂತೆ ಸೆಲ್ ಒಳಗೇ ಕೂರಿಸಿದ ಯುಎಸ್‌ಬಿ ಟಾರ್ಚ್‌ಗಳಿಗೆ ಈ ದಾರಿಯೂ ಇಲ್ಲ. ವರ್ಷವಿಡೀ ಎತ್ತಿಡಲು ಅಂಥದ್ದನ್ನು ಯಾರಿಗೂ ಹೇಳಲಾರೆ.

ಹಾಗೆಂದು ಹಸಿರು ದೀಪವನ್ನು ಪೂರ್ತಿ ತೆಗೆದುಹಾಕುವುದೂ ಸರಿಯಲ್ಲ. ನಡುರಾತ್ರಿ ಕರೆಂಟ್ ಹೋದಾಗ ಕೈ ನೇರ ಅಲ್ಲಿಗೇ ಹೋಗುತ್ತದೆ. ದಿನವೂ ಬಳಸಿ ಆಗಾಗ ಚಾರ್ಜ್‌ಗಿಡುವ, ಮಂಚದ ಪಕ್ಕದ ಟಾರ್ಚ್ ಅದೇ ಆಗಿರಲಿ. ಎರಡನೆಯದನ್ನು ಮುಚ್ಚಳ ಸಡಿಲಿಸಿ ಪ್ರಯಾಣದ ಬ್ಯಾಗ್‌ಗೆ ಹಾಕಿದ್ದೇನೆ. ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದಾದ ಕೊಟ್ಟಿಗೆಯ ಗೂಡಿಗೆ ಹಳೇ ಸ್ವಿಚ್‌ನದೇ ಸರಿ, ಸಡಿಲಿಸುವ ಪಾಠ ಯಾರಿಗೂ ಹೇಳಬೇಕಿಲ್ಲ.

ಎಎ ಸೆಲ್‌ನ ಟಾರ್ಚ್ ಇರುವವರಿಗೆ ಒಂದು ಮಾತು. ಎಲೆಕ್ಟ್ರಾನಿಕ್ ಸ್ವಿಚ್‌ನಲ್ಲಿ ಆಲ್ಕಲೈನ್ ಸೆಲ್ ಬಿಟ್ಟು ಮರೆಯಬೇಡಿ. ಪೂರ್ತಿ ಇಳಿದ ಆಲ್ಕಲೈನ್ ಸೋರಿದರೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಿಳಿ ಹುಡಿಯಾಗಿ ಕಟ್ಟಿಕೊಂಡು ಸ್ಪ್ರಿಂಗನ್ನು ತಿಂದುಹಾಕುತ್ತದೆ. ಎನೆಲೂಪ್‌ನಂಥ ನಿಧಾನ ಇಳಿಯುವ, ಚಾರ್ಜ್ ಮಾಡಬಹುದಾದ ನಿಕಲ್ ಸೆಲ್ ಮನೆಬಳಕೆಗೆ ಸಾಕು. ಬಿಸಿಲಿಗೆ ಕಾಯುವ ಕಾರಿನಲ್ಲಿಡಲು ಮಾತ್ರ ಚಾರ್ಜ್ ಮಾಡಲಾಗದ 1.5 ವೋಲ್ಟ್ ಲಿಥಿಯಂ ಎಎ ಸೆಲ್ಲೇ ನನ್ನ ಆಯ್ಕೆ. ದುಬಾರಿ ನಿಜ, ಆದರೆ ಸೋರುವುದು ತೀರಾ ಅಪರೂಪ, ಸೆಕೆಯನ್ನೂ ತಾಳಿಕೊಳ್ಳುತ್ತದೆ.