ಟೆಸ್ಟ್ ಡ್ರೈವ್‌ಗೆ ಕೊಟ್ಟ ಗಾಡಿ ಬೇರೆ, ಮನೆಗೆ ಬಂದ ಗಾಡಿ ಬೇರೆ

ಬೆಳಗಾವಿ, ಖಾನಾಪುರ, ಬೈಲಹೊಂಗಲ, ಗೋಕಾಕ ಕಡೆಯವರು ಯಾರಾದರೂ ಈಗ ನಾಲ್ಕು ಮೀಟರ್ ಒಳಗಿನ ಎಸ್‌ಯುವಿ ನೋಡುತ್ತಿದ್ದರೆ, ಬುಕಿಂಗ್ ಹಣ ಕೊಡುವ ಮೊದಲು ಇದನ್ನು ಪೂರ್ತಿ ಓದಿ. ನಮಗೆ ಓಡಿಸಿ ನೋಡಲು ಕೊಟ್ಟದ್ದು ಹೆಚ್ಚು ಎಳೆತ ಕೊಡುವ ಟರ್ಬೊ ಎಂಜಿನ್ನಿನ ಗಾಡಿ. "ಇದೇ ಗಾಡಿ ಬರ್ತದ್ರಿ" ಎಂದು ಹೇಳಿ, ದಸರೆಯ ಗದ್ದಲದಲ್ಲಿ ಕೈಗಿಟ್ಟದ್ದು ಅದೇ ಹೆಸರಿನ, ಅದೇ ಬಣ್ಣದ, ಟರ್ಬೊ ಇಲ್ಲದ ಗಾಡಿ. ಷೋರೂಮಿನ ಹೆಸರನ್ನಾಗಲಿ ಕಂಪನಿಯ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ, ದೂರು ಗ್ರಾಹಕರ ಆಯೋಗದ ಮುಂದಿದೆ. ಹೆಸರು ತಿಳಿದರೆ ನೀವು ಆ ಒಂದು ಷೋರೂಮ್ ತಪ್ಪಿಸಿ ಇನ್ನೊಂದಕ್ಕೆ ಹೋಗುತ್ತೀರಿ, ಅಷ್ಟೆ. ಹೇಗೆ ನಡೆಯಿತು ಎಂಬುದು ತಿಳಿದರೆ ಎಲ್ಲಿ ಹೋದರೂ ಉಪಯೋಗಕ್ಕೆ ಬರುತ್ತದೆ.

2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ಬದಲಾಯಿತು. ಉದ್ದ ನಾಲ್ಕು ಮೀಟರ್ ಮೀರದ, ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಒಳಗಿನ ಕಾರುಗಳಿಗೆ ಶೇ. 18 ಆಯಿತು, ಉಳಿದ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಶೇ. 40. ಅದೇ ದಿನ ನವರಾತ್ರಿಯ ಘಟಸ್ಥಾಪನೆ. ಬೆಲೆ ಇಳಿಯಲಿ ಎಂದು ಕಾದು ಕೂತವರೆಲ್ಲ ಒಂದೇ ವಾರದಲ್ಲಿ ಷೋರೂಮುಗಳಿಗೆ ನುಗ್ಗಿದರು. ನಾವೂ ಅವರಲ್ಲಿದ್ದೆವು.

ನಮ್ಮ ಬೇಡಿಕೆ ದೊಡ್ಡದಲ್ಲ. ಅತ್ತೆಯವರಿಗೆ ಮಂಡಿ ನೋವು, ತಗ್ಗಿನ ಕಾರಿನಲ್ಲಿ ಕೂತು ಏಳುವುದು ಆಗುವುದಿಲ್ಲ. ಇಬ್ಬರು ಮಕ್ಕಳು. ನಾದಿನಿಯ ಮನೆ ಗೋವಾದ ಮಾಪುಸಾದಲ್ಲಿ, ಹಬ್ಬಕ್ಕೂ ರಜೆಗೂ ಹೋಗಿ ಬರುವುದು ಇದ್ದೇ ಇದೆ. ಹಾಗಾಗಿ ಹೋದ ಪ್ರತಿ ಷೋರೂಮಿನಲ್ಲೂ ನಮ್ಮ ಮನೆಯವರು ಮೊದಲು ಹೇಳಿದ ಮಾತು ಒಂದೇ: "ಐದು ಮಂದಿ ಕೂತು, ಸಾಮಾನು ಹಾಕಿ, ಏಸಿ ಹಚ್ಚಿ ಚೋರ್ಲಾ ಘಾಟ ಹತ್ತಬೇಕು. ಅದಕ್ಕ ತಕ್ಕ ಎಂಜಿನ್ ಇರೋದು ತೋರಸ್ರಿ."

ಕೊನೆಗೆ ಒಪ್ಪಿದ ಷೋರೂಮಿನಲ್ಲಿ ಮೊದಲು ಕೈಗೆ ಕೊಟ್ಟದ್ದು ಬಣ್ಣದ ಒಂದು ಹಾಳೆ. ಎಡಕ್ಕೆ ಅವರ ಗಾಡಿ, ಬಲಕ್ಕೆ ಎದುರಾಳಿ ಗಾಡಿಗಳು. ಮನೆಗೆ ತಂದು, ಆಯಾ ಕಂಪನಿಗಳ ಬ್ರೋಷರ್ ಜೊತೆಗಿಟ್ಟು ನೋಡಿದಾಗ ಹಾಳೆಯ ಬಣ್ಣ ಬಯಲಾಯಿತು. ಅವರ ಗಾಡಿಯ ಬೆಲೆ ಎಕ್ಸ್ ಷೋರೂಮ್, ಅಂದರೆ ನೋಂದಣಿ ತೆರಿಗೆ, ವಿಮೆ ಸೇರಿಸದ್ದು; ಬೇರೆಯವರದ್ದು ಆನ್ ರೋಡ್, ಅವೆಲ್ಲ ಸೇರಿದ್ದು. ಅವರದ್ದರಲ್ಲಿ ಟಾಪ್ ಮಾಡೆಲಿನ ಸೌಲಭ್ಯ, ಬೇರೆಯವರದ್ದರಲ್ಲಿ ಬೇಸ್ ಮಾಡೆಲಿನದು. ಮೈಲೇಜಿನ ಸಾಲಿನಲ್ಲಿ ಅವರದ್ದು ಮ್ಯಾನುವಲ್ ಗೇರಿನ ಲೆಕ್ಕ, ಎದುರಿನವರದ್ದು ಆಟೋಮ್ಯಾಟಿಕ್. ಒಂದೊಂದು ಅಂಕಿಯೂ ಎಲ್ಲೋ ಒಂದು ಕಡೆ ನಿಜವೇ. ಅಕ್ಕಪಕ್ಕ ಇಟ್ಟದ್ದೇ ಸುಳ್ಳು.

ಸುರಕ್ಷತೆಯ ಸ್ಟಾರ್‌ಗಳ ಸಾಲಿನಲ್ಲಿ ವರ್ಷವೂ ಇರಲಿಲ್ಲ, ಪರೀಕ್ಷೆ ಮಾಡಿದ ಸಂಸ್ಥೆಯೂ ಇರಲಿಲ್ಲ. ಇವೆರಡೂ ಇಲ್ಲದ ಸ್ಟಾರ್‌ಗೆ ಬೆಲೆ ಇಲ್ಲ. 2018ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಗಾಡಿ ಗುದ್ದಿಸಿ ಮಾಡುವ ಪರೀಕ್ಷೆಯಲ್ಲಿ ಟಾಟಾ ನೆಕ್ಸಾನ್ ಐದು ಸ್ಟಾರ್ ಪಡೆಯಿತು, ಭಾರತದ ಕಾರಿಗೆ ಅದು ಮೊದಲು. 2022ರ ಜುಲೈನಿಂದ ಆ ಪರೀಕ್ಷೆಯೇ ಬಿಗಿಯಾಯಿತು. ಮಗ್ಗುಲಿನಿಂದ ಗುದ್ದುವ ಪರೀಕ್ಷೆ, ಗಾಡಿ ಜಾರದಂತೆ ಹಿಡಿಯುವ ಇಎಸ್‌ಸಿ ಎಲ್ಲ ಲೆಕ್ಕಕ್ಕೆ ಬಂದವು. ನೆಕ್ಸಾನ್ 2024ರಲ್ಲಿ ಹೊಸ ನಿಯಮದಡಿ ಮತ್ತೆ ಐದು ಸ್ಟಾರ್ ತೆಗೆದುಕೊಂಡಿತು. ಮಾರುತಿಯ ಹಳೆಯ ವಿಟಾರಾ ಬ್ರೆಝಾಗೆ 2018ರಲ್ಲಿ ಸಿಕ್ಕ ನಾಲ್ಕು ಸ್ಟಾರನ್ನು 2022ರಲ್ಲಿ ಬಂದ ಬ್ರೆಝಾಗೆ ಅಂಟಿಸಿ ಹೇಳಿದರೆ ಒಪ್ಪಬೇಡಿ, ಅದು ಬೇರೆ ಪೀಳಿಗೆಯ ಗಾಡಿ. ನಮ್ಮ ದೇಶದ ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರ್‌ನಿಂದ ಇದೆ. ಮಹೀಂದ್ರಾ ಎಕ್ಸ್‌ಯುವಿ 3ಎಕ್ಸ್‌ಒ, ಸ್ಕೋಡಾ ಕೈಲಾಕ್ ಅದರಲ್ಲಿ ಐದು ಸ್ಟಾರ್ ಪಡೆದಿವೆ. ಫಲಿತಾಂಶ ಪರೀಕ್ಷೆ ಮಾಡಿದ ಸಂಸ್ಥೆಯ ವೆಬ್‌ಸೈಟಿನಲ್ಲೇ ಇರುತ್ತದೆ, ಮಾರುವವರ ಬಾಯಿಂದ ಕೇಳುವ ಅಗತ್ಯವಿಲ್ಲ.

ಆದರೂ ನಾವು ಆ ಗಾಡಿಯನ್ನೇ ಆರಿಸಿದ್ದಕ್ಕೆ ಕಾರಣ ಹಾಳೆಯಲ್ಲ, ಓಡಿಸಿ ನೋಡಿದ ಅನುಭವ. ಸರ್ವಿಸ್ ರಸ್ತೆಯಿಂದ ಹೆದ್ದಾರಿಗೆ ಹತ್ತಿಸಿದಾಗ ಆಕ್ಸಿಲರೇಟರ್ ಮೇಲೆ ಕಾಲು ಇಟ್ಟರೆ ಸಾಕು, ಗಾಡಿ ಮುಂದಕ್ಕೆ ಎಳೆಯುತ್ತಿತ್ತು. ಅತ್ತೆಯವರನ್ನೂ ಕರೆದುಕೊಂಡು ಹೋಗಿದ್ದೆವು. ಅವರು ಹಿಂದಿನ ಸೀಟಿನಲ್ಲಿ ಕೂತು, ಇಳಿದು, ಮತ್ತೆ ಹತ್ತಿ, "ಇದು ಆಗ್ತದ" ಎಂದರು. ನೀವೂ ಮನೆಯ ಹಿರಿಯರನ್ನು ಕರೆದುಕೊಂಡೇ ಹೋಗಿ. ಬೂಟ್ ಬ್ರೆಝಾದಲ್ಲಿ 328 ಲೀಟರ್, ನೆಕ್ಸಾನಿನಲ್ಲಿ 382, ಕೈಲಾಕಿನಲ್ಲಿ 446 ಎಂಬ ಲೆಕ್ಕ ಕಾಗದದಲ್ಲಿ ಸಿಗುತ್ತದೆ. ಬಾಗಿಲು ಎಷ್ಟು ಅಗಲ ತೆರೆಯುತ್ತದೆ, ಸೀಟು ಎಷ್ಟು ಎತ್ತರ, ಕಾಲು ಮಡಚದೆ ಕೂರಬಹುದೇ ಎಂಬುದು ಅವರು ಕೂತಾಗಲೇ ತಿಳಿಯುವುದು.

ಇಳಿದ ಮೇಲೆ ನಾನು ಕೇಳಿದೆ: "ನಮಗ ಬರೋದು ಇದೇ ಎಂಜಿನ್ನೇನ್ರಿ?" ಉತ್ತರ: "ಇದೇ ಗಾಡಿ ಬರ್ತದ್ರಿ ಮೇಡಮ್, ನೀವೇನೂ ತಲಿ ಕೆಡಿಸ್ಕೋಬ್ಯಾಡ್ರಿ. ಖಂಡೇನವಮಿ ಪೂಜಾಕ್ಕ ಮನಿ ಮುಂದ ನಿಲ್ಲಬೇಕಂದ್ರ ಇವತ್ತ ಬುಕ್ ಮಾಡ್ರಿ." ಕೊಟೇಷನ್ನಿನಲ್ಲಿ ಗಾಡಿಯ ಹೆಸರಿನ ಮುಂದೆ ಒಂದಿಷ್ಟು ಇಂಗ್ಲಿಷ್ ಅಕ್ಷರ, ಅಂಕಿ ಇದ್ದವು. ಅದೇನೆಂದು ನಮ್ಮ ಮನೆಯವರು ಕೇಳಿದರು. "ಅದು ಕಂಪನಿ ಕೋಡ್ ಸರ್, ಬಣ್ಣ, ಸೀಟಿಂದು" ಎಂದರು. ಅದು ಎಂಜಿನ್ನಿನದೂ ಆಗಿತ್ತು. ಬುಕಿಂಗ್ ರಸೀದಿಯಲ್ಲಿ ಬರೆದದ್ದು ಮಾಡೆಲ್, ಬಣ್ಣ, ಪೆಟ್ರೋಲ್. ಎಂಜಿನ್ನಿನ ಸುದ್ದಿಯೇ ಇಲ್ಲ.

ಗಾಡಿ ಹಬ್ಬಕ್ಕೆ ಬಂತು. ಊರೊಳಗೆ ಓಡಿಸುವಾಗ ಸ್ವಲ್ಪ ಮಂದ ಎನಿಸಿತು. ಹೊಸ ಎಂಜಿನ್, ಮೊದಲ ಸರ್ವಿಸ್ ಆದ ಮೇಲೆ ಹಗುರಾಗ್ತದೆ ಎಂದು ಫೋನಿನಲ್ಲಿ ಹೇಳಿದರು. ದೀಪಾವಳಿಗೆ ಮಾಪುಸಾಕ್ಕೆ ಹೋದೆವು. ಜಾಂಬೋಟಿ, ಕಣಕುಂಬಿ ದಾಟಿ ಹೋಗುವಾಗ ಇಳಿಜಾರು, ಏನೂ ತಿಳಿಯಲಿಲ್ಲ. ತಿರುಗಿ ಬರುವಾಗ ಘಾಟ ಏರಬೇಕು. ಐದು ಜನ, ತುಂಬಿದ ಡಿಕ್ಕಿ, ಬಿಸಿಲು. ಮೂರನೇ ಗೇರಿನಲ್ಲಿ ಏರಲಿಲ್ಲ, ಎರಡಕ್ಕೆ ಹಾಕಿದರೆ ಎಂಜಿನ್ ಕೂಗುತ್ತಿತ್ತೇ ಹೊರತು ವೇಗ ಬರುತ್ತಿರಲಿಲ್ಲ. ಮುಂದೆ ಒಂದು ಟೆಂಪೊ. ರಸ್ತೆ ನೇರವಾಗಿದ್ದ ಕಡೆ ನಮ್ಮ ಮನೆಯವರು ಅದನ್ನು ದಾಟಲು ಬಲಕ್ಕೆ ತೆಗೆದರು. ಓಡಿಸಿ ನೋಡಿದ ಗಾಡಿಯಾಗಿದ್ದರೆ ದಾಟಿ ಮುಗಿಯುತ್ತಿತ್ತು. ಇದು ಟೆಂಪೊದ ಪಕ್ಕದಲ್ಲೇ ಉಳಿಯಿತು. ತಿರುವಿನಿಂದ ಬಸ್ಸು ಬಂತು. ಟೆಂಪೊದವರು ಬ್ರೇಕ್ ಹಾಕಿ ಜಾಗ ಬಿಟ್ಟರು, ಅದಕ್ಕೇ ನಾವು ಇವತ್ತು ಇದ್ದೇವೆ. ಆ ಚಾಲಕರ ಮುಖವನ್ನೂ ನೋಡಲಾಗಲಿಲ್ಲ. ಮಕ್ಕಳು ಅಳುತ್ತಿದ್ದರು, ಅತ್ತೆಯವರು ನನ್ನ ಕೈ ಬಿಡಲಿಲ್ಲ. ಏಸಿ ಬಂದ್ ಮಾಡಿ, ಎಡಕ್ಕೆ ಅಂಟಿಕೊಂಡು, ಮೇಲೆ ಬಂದೆವು.

ಮರುದಿನ ಆರ್‌ಸಿಯಲ್ಲಿ ಸಿಸಿ ನೋಡಿ ಷೋರೂಮಿಗೆ ಹೋದೆವು. ಮ್ಯಾನೇಜರ್ ಕೊಟ್ಟ ಉತ್ತರ ಎಲ್ಲರೂ ತಿಳಿದಿರಬೇಕಾದದ್ದು: "ನಿಮಗ ದೊಡ್ಡ ಎಂಜಿನ್ನೇ ಕೊಟ್ಟೀವಲ್ರೀ. ಟೆಸ್ಟ್ ಡ್ರೈವ್‌ದು ಒಂದು ಲೀಟರ್, ನಿಮ್ಮದು ಒಂದು ಪಾಯಿಂಟ್ ಎರಡು."

ಸಿಸಿ ದೊಡ್ಡದಾದ ಮಾತ್ರಕ್ಕೆ ಶಕ್ತಿ ದೊಡ್ಡದಲ್ಲ. ಟರ್ಬೊ ಇದ್ದರೆ ಹೊರಗೆ ಹೋಗುವ ಹೊಗೆಯ ಒತ್ತಡದಿಂದಲೇ ಒಂದು ಚಕ್ರ ತಿರುಗಿ ಎಂಜಿನ್ನಿನೊಳಗೆ ಹೆಚ್ಚು ಗಾಳಿ ತುಂಬುತ್ತದೆ, ಅದಕ್ಕೆ ತಕ್ಕಂತೆ ಹೆಚ್ಚು ಇಂಧನ ಉರಿಯುತ್ತದೆ. ಏರು ಹತ್ತುವಾಗ ಬೇಕಾದ ಎಳೆತ, ಅಂದರೆ ಟಾರ್ಕ್, ಕಡಿಮೆ ಆರ್‌ಪಿಎಂನಲ್ಲೇ, ಅಂದರೆ ಎಂಜಿನ್ ನಿಧಾನ ತಿರುಗುವಾಗಲೇ, ಸಿಗುತ್ತದೆ. ನಿಸಾನ್ ಮ್ಯಾಗ್ನೈಟ್ ನೋಡಿ, ಅದು ನಮ್ಮ ಪಟ್ಟಿಯಲ್ಲಿರಲಿಲ್ಲ, ಉದಾಹರಣೆಗೆ ಹೇಳುತ್ತಿದ್ದೇನೆ. ಅದರ ಎರಡೂ ಎಂಜಿನ್ 999 ಸಿಸಿ, ಅಂದರೆ ಒಂದು ಲೀಟರ್, ಪೆಟ್ರೋಲ್. ಟರ್ಬೊ ಇಲ್ಲದ್ದಕ್ಕೆ ಶಕ್ತಿ 72 ಪಿಎಸ್, ಟಾರ್ಕ್ 96 ನ್ಯೂಟನ್ ಮೀಟರ್. ಟರ್ಬೊ ಮ್ಯಾನುವಲ್‌ಗೆ 100 ಪಿಎಸ್, 160 ನ್ಯೂಟನ್ ಮೀಟರ್. ಆ ಕಂಪನಿ ಇದನ್ನು ಬ್ರೋಷರಿನಲ್ಲೇ ಬರೆದಿದೆ, ಮುಚ್ಚಿಟ್ಟಿಲ್ಲ. ಬ್ರೆಝಾದ ಒಂದೂವರೆ ಲೀಟರ್ ಟರ್ಬೊ ಇಲ್ಲದ ಎಂಜಿನ್ನಿಗೆ ಟಾರ್ಕ್ ಸುಮಾರು 137 ನ್ಯೂಟನ್ ಮೀಟರ್, ನೆಕ್ಸಾನಿನ 1.2 ಟರ್ಬೊ ಪೆಟ್ರೋಲ್‌ಗೆ 170, 3ಎಕ್ಸ್‌ಒದ 1.2 ಟರ್ಬೊಗೆ 200. ನಿಮ್ಮ ಹೋಲಿಕೆಯ ಕಾಗದದಲ್ಲಿ ಬೆಲೆಯ ಪಕ್ಕದಲ್ಲೇ ಈ ಅಂಕಿ ಇರಲಿ, ಅದು ಯಾವ ಆರ್‌ಪಿಎಂನಲ್ಲಿ ಬರುತ್ತದೆ ಎಂಬುದೂ ಇರಲಿ.

ಟರ್ಬೊ ಇಲ್ಲದ ಗಾಡಿ ಕೆಟ್ಟದ್ದೆಂದು ಹೇಳುತ್ತಿಲ್ಲ. ವಿಜಯಪುರ, ಬಾಗಲಕೋಟೆಯ ಬಯಲು ರಸ್ತೆಗಳಲ್ಲಿ, ಊರೊಳಗಿನ ಓಡಾಟಕ್ಕೆ ಅದೇ ಸಾಕು, ಖರ್ಚೂ ಕಡಿಮೆ. ತಿಳಿದು ಆರಿಸಿದವರಿಗೆ ಅದು ಒಳ್ಳೆಯ ಗಾಡಿಯೇ. ಘಾಟ ಹತ್ತಬೇಕು ಎಂದು ಬಾಯಿಬಿಟ್ಟು ಹೇಳಿದವರಿಗೆ ಒಂದನ್ನು ಓಡಿಸಲು ಕೊಟ್ಟು ಇನ್ನೊಂದನ್ನು ಮಾರುವುದು ಮೋಸ.

ಬೆಲೆಯ ಹೋಲಿಕೆಯಲ್ಲಿ ಇನ್ನೊಂದು ಗುಂಡಿ ಇದೆ. ಕರ್ನಾಟಕದಲ್ಲಿ ಜೀವಿತಾವಧಿ ತೆರಿಗೆ 5ರಿಂದ 10 ಲಕ್ಷದ ಗಾಡಿಗೆ ಶೇ. 14, 10 ಲಕ್ಷ ದಾಟಿ 20 ಲಕ್ಷದವರೆಗೆ ಶೇ. 17, ಅದರ ಮೇಲೆ ಉಪಕರ ಬೇರೆ. "ಸನ್‌ರೂಫ್ ಇರೋದಕ್ಕ ಬರೇ 30 ಸಾವಿರ ಹೆಚ್ಚು" ಎನ್ನುತ್ತಾರೆ. 9.90 ಲಕ್ಷದ ಗಾಡಿಗೆ ತೆರಿಗೆ 1,38,600 ರೂಪಾಯಿ. 10.20 ಲಕ್ಷದ್ದಕ್ಕೆ 1,73,400. ಆ 30 ಸಾವಿರ ಹೀಗೆ 64,800 ಆಗುತ್ತದೆ, ಉಪಕರದ ವ್ಯತ್ಯಾಸ ಸೇರಿಸದೆ. 10 ಲಕ್ಷ ದಾಟಿದ್ದಕ್ಕೆ ಶೇ. 1 ಟಿಸಿಎಸ್, ಅಂದರೆ ಮಾರುವವರು ನಮ್ಮಿಂದ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ, ಕೂಡ ಕಟ್ಟಬೇಕು. ಅದನ್ನು ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು, ಮರೆಯಬೇಡಿ.

"ಕೊಲ್ಲಾಪುರದಾಗ ಪಾಸಿಂಗ್ ಮಾಡಸ್ರಿ, ಟ್ಯಾಕ್ಸ್ ಉಳೀತದ, ವಿಳಾಸ ನಾವು ಕೊಡ್ತೀವಿ" ಎನ್ನುವ ಏಜೆಂಟರು ನಮಗೂ ಸಿಕ್ಕರು. ಬೇರೆ ರಾಜ್ಯದ ನೋಂದಣಿಯ ಗಾಡಿ ಇಲ್ಲಿ 12 ತಿಂಗಳು ಮೀರಿ ಇದ್ದರೆ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಇಲ್ಲಿಯ ನಂಬರ್ ಹಾಕಿಸಲೇಬೇಕು. ಸುಳ್ಳು ವಿಳಾಸದ ತೊಡಕು ಬೇರೆ. ವಿಮೆಯೂ ಷೋರೂಮಿನಲ್ಲೇ ಮಾಡಿಸಬೇಕೆಂಬ ನಿಯಮವಿಲ್ಲ. ಹೊರಗಿನ ಕೊಟೇಷನ್ ತೋರಿಸಿದ ಕೂಡಲೇ ನಮಗೆ ಹೇಳಿದ ಮೊತ್ತ ತಾನಾಗಿ ಇಳಿಯಿತು.

ಇನ್ವಾಯ್ಸ್ ಆಗುವ ಮೊದಲು ಗಾಡಿ ನಿಂತಿರುವ ಯಾರ್ಡಿಗೇ ಹೋಗಿ. ಹಬ್ಬದ ದಿನ ಹೂವಿನ ಹಾರ, ಫೋಟೊ, ಪೇಡೆ ನಡುವೆ ಯಾರಿಗೂ ಬಾನೆಟ್ ಎತ್ತಿ ನೋಡಲು ಬಿಡುವುದಿಲ್ಲ, ನಮಗೂ ಬಿಡಲಿಲ್ಲ. 17 ಅಕ್ಷರದ ಷಾಸಿ ನಂಬರಿನಲ್ಲಿ ಹತ್ತನೆಯದು ಸಾಮಾನ್ಯವಾಗಿ ವರ್ಷ ಹೇಳುತ್ತದೆ: ಇಂಗ್ಲಿಷಿನ ಆರ್ ಇದ್ದರೆ 2024, ಎಸ್ ಇದ್ದರೆ 2025, ಟಿ ಇದ್ದರೆ 2026. ತಯಾರಿಸಿದ ಕಂಪನಿ ಕೊಡುವ ಪ್ರಮಾಣಪತ್ರವಾದ ಫಾರಂ 22ರಲ್ಲಿ ತಯಾರಾದ ತಿಂಗಳೂ ಇರುತ್ತದೆ. ಅದನ್ನು ಕೇಳಿ ಓದಿ. ನೋಂದಣಿ ಒಮ್ಮೆ ಆಯಿತೆಂದರೆ ಗಾಡಿ ಸೆಕೆಂಡ್ ಹ್ಯಾಂಡ್, ವಾಪಸ್ ತೆಗೆದುಕೊಳ್ಳುವ ಮಾತನ್ನೇ ಯಾರೂ ಆಡುವುದಿಲ್ಲ.

ನಮ್ಮ ಕೈಯಲ್ಲಿ ಆಧಾರ ಉಳಿದದ್ದು ಮಗಳಿಂದ. ಟೆಸ್ಟ್ ಡ್ರೈವ್ ದಿನ ಅವಳು ಅಜ್ಜಿ ಗಾಡಿ ಹತ್ತುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿದ್ದಳು. ಅದರಲ್ಲಿ ಹಿಂಬಾಗಿಲ ಮೇಲಿನ ಟರ್ಬೊ ಅಕ್ಷರಗಳೂ ನಂಬರ್ ಪ್ಲೇಟೂ ಸ್ಪಷ್ಟವಾಗಿವೆ. "ಇದೇ ಗಾಡಿ ಮೇಡಮ್, ಬುಧವಾರ ಡೆಲಿವರಿ" ಎಂಬ ಸೇಲ್ಸ್‌ನವರ ವಾಟ್ಸ್ಆ್ಯಪ್ ಸಂದೇಶವೂ ಇದೆ. ನೀವೂ ಬಾಯಲ್ಲಿ ಕೇಳಿದ ಪ್ರಶ್ನೆಯನ್ನೇ ಮತ್ತೊಮ್ಮೆ ವಾಟ್ಸ್ಆ್ಯಪ್‌ನಲ್ಲಿ ಕೇಳಿ, ಉತ್ತರ ಬರಹದಲ್ಲಿ ಬರಲಿ. ಬುಕಿಂಗ್ ಫಾರಂ ಮೇಲೆ ಮಾಡೆಲ್, ವೇರಿಯಂಟಿನ ಪೂರ್ತಿ ಹೆಸರು, ಎಂಜಿನ್ ಸಿಸಿ, ಟರ್ಬೊ ಇದೆಯೋ ಇಲ್ಲವೋ, ಪಿಎಸ್, ಟಾರ್ಕ್, ಗೇರಿನ ಬಗೆ, ತಯಾರಾದ ವರ್ಷ, ಜೊತೆಗೆ "ಟೆಸ್ಟ್ ಡ್ರೈವ್ ಮಾಡಿದ ವಾಹನದ ಎಂಜಿನ್ನೇ ಇದಕ್ಕೂ ಇದೆ" ಎಂಬ ಒಂದು ಸಾಲು ಬರೆಸಿ ಸಹಿ, ಸೀಲು ಹಾಕಿಸಿ. ಬರೆಯಲು ಒಪ್ಪದಿದ್ದರೆ ಎದ್ದು ಬನ್ನಿ. ಹಬ್ಬ ಮುಂದಿನ ವರ್ಷವೂ ಬರುತ್ತದೆ.

ಮೊದಲು 1915ಕ್ಕೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಫೋನ್ ಮಾಡಿ ದೂರು ದಾಖಲಿಸಿದೆವು. ಷೋರೂಮಿನವರು ಆಕ್ಸೆಸರಿ ಕೂಪನ್ ಕೊಡುತ್ತೇವೆ, ದೂರು ಹಿಂದಕ್ಕೆ ತೆಗೆದುಕೊಳ್ಳಿ ಎಂದರು. ಒಪ್ಪಲಿಲ್ಲ. ಈಗ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಿದ್ದೇವೆ. ಘಟನೆ ನಡೆದ ಎರಡು ವರ್ಷದೊಳಗೆ ದೂರು ಕೊಡಬೇಕು. 5ರಿಂದ 10 ಲಕ್ಷದ ವಸ್ತುವಿಗೆ ಶುಲ್ಕ 200 ರೂಪಾಯಿ, 10ರಿಂದ 20 ಲಕ್ಷಕ್ಕೆ 400. ವಕೀಲರಿಲ್ಲದೆ ನಾವೇ ವಾದಿಸಲೂ ಅವಕಾಶವಿದೆ. ಎದುರಿನವರಿಗೆ ನೋಟಿಸ್ ಹೋಗಿದೆ, ಉತ್ತರ ಬರಬೇಕು. 2025ರ ದಸರೆಯಲ್ಲಿ ಬೆಳಗಾವಿಯಲ್ಲಿ ಗಾಡಿ ಕೊಂಡವರು ತಮ್ಮ ಆರ್‌ಸಿ ತೆಗೆದು ಸಿಸಿ ನೋಡಿ. ಓಡಿಸಿದ ಗಾಡಿಗೂ ಅದಕ್ಕೂ ತಾಳೆಯಾಗದಿದ್ದರೆ ನನಗೆ ತಿಳಿಸಿ, ದೂರಿನ ಕರಡು ಕಳಿಸುತ್ತೇನೆ.